ಚಿಂಕ್ವೆ ತೆರ್ರೆ ಟ್ರೇನ್ ಕಾರ್ಡ್: ಶನಿವಾರಕ್ಕೆ ಸರಿ, ಭಾನುವಾರಕ್ಕೆ ಬೇಡ

ಫ್ಲಾರೆನ್ಸಿನಲ್ಲಿ ಸೆಮಿಸ್ಟರ್ ಓದಲು ಹೋದವರ ಗುಂಪಿಗೆ ಸಮುದ್ರ ನೋಡುವ ಆಸೆ ಹುಟ್ಟಿದರೆ ಮೊದಲು ಬಾಯಿಗೆ ಬರುವ ಹೆಸರು ಚಿಂಕ್ವೆ ತೆರ್ರೆ, ಇಟಲಿಯ ಕಡಲತೀರದ ಐದು ಪುಟ್ಟ ಊರುಗಳ ಸಾಲು. ಎಂಟು ಜನ, ಎರಡು ದಿನ, ಐದು ಊರು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ‘ಎರಡು ದಿನದ ಕಾರ್ಡೇ ತಗೊಂಡ್ಬಿಡೋಣ, ತಲೆನೋವಿರಲ್ಲ’ ಅಂತಾರೆ, ಉಳಿದವರು ಹೂಂ ಅಂತಾರೆ. ದುಡ್ಡು ಸೋರುವುದು ಅಲ್ಲೇ. ಕಾರ್ಡ್ ಅಂದರೆ ಆ ಊರುಗಳ ನಡುವೆ ರೈಲು ಹತ್ತಿ ಇಳಿಯುವ ಪಾಸು. ಒಳ್ಳೆಯದೇ, ಆದರೆ ಅದು ಒಂದು ದಿನದ ಸಾಮಾನು. ಶನಿವಾರ ಅದನ್ನು ಚೆನ್ನಾಗಿ ದುಡಿಸಿಕೊಳ್ಳಿ. ಭಾನುವಾರ ಕಾರ್ಡಿನ ಹಂಗಿಲ್ಲದ ಕಡೆ ಹೋಗಿ.

ಮೊದಲು ಊರುಗಳ ಸಾಲು ತಲೆಯಲ್ಲಿರಲಿ. ಲಿಗೂರಿಯಾ ಪ್ರಾಂತ್ಯದ ಕಡಿದಾದ ಕರಾವಳಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ರಿಯೊಮಜ್ಜೊರೆ, ಮನರೊಲಾ, ಕೊರ್ನಿಲ್ಯಾ, ವೆರ್ನಾತ್ಸಾ, ಮೊಂತೆರೊಸ್ಸೊ. ಈ ಸಾಲಿನ ದಕ್ಷಿಣದ ತುದಿಗೆ ದೊಡ್ಡ ಊರು ಲಾ ಸ್ಪೆತ್ಸಿಯಾ, ಉತ್ತರದ ತುದಿಗೆ ಲೆವಾಂತೊ. ಯುನೆಸ್ಕೊ ಪಟ್ಟಿಗೆ ಸೇರಿದ್ದು 1997ರಲ್ಲಿ, ರಾಷ್ಟ್ರೀಯ ಉದ್ಯಾನವಾದದ್ದು 1999ರಲ್ಲಿ. ಉದ್ಯಾನ ಅಂದ ಕೂಡಲೇ ಕಾಡು ಅಂದುಕೊಳ್ಳಬೇಡಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅವು ಹಿಡಿದು ನಿಲ್ಲಿಸಿದ ಮೆಟ್ಟಿಲು ಮೆಟ್ಟಿಲಾದ ದ್ರಾಕ್ಷಿ ತೋಟಗಳು, ಅದೇ ಇಲ್ಲಿನ ಉದ್ಯಾನ. ಕಾರ್ಡಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಆ ಕಾಲುದಾರಿಗಳ ದುರಸ್ತಿಗೇ ಹೋಗುತ್ತದೆ.

ಕಾರ್ಡಿನಲ್ಲಿ ಎರಡು ಬಗೆ. ‘ಟ್ರೆಕಿಂಗ್’ ಕಾರ್ಡ್ ಬರೀ ನಡೆಯುವವರಿಗೆ, ಅದರಲ್ಲಿ ರೈಲು ಸೇರಿಲ್ಲ. ಗುಂಪುಗಳು ಕೊಳ್ಳುವುದು ‘ತ್ರೆನೊ’ ಕಾರ್ಡ್. ಅದರಲ್ಲಿ ಲಾ ಸ್ಪೆತ್ಸಿಯಾದಿಂದ ಲೆವಾಂತೊವರೆಗೆ ಪ್ರಾದೇಶಿಕ ರೈಲುಗಳ ಎರಡನೇ ದರ್ಜೆಯಲ್ಲಿ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಶುಲ್ಕವಿರುವ ಎರಡು ಕಾಲುದಾರಿಗಳು, ಊರೊಳಗಿನ ಸಣ್ಣ ಬಸ್ಸುಗಳು, ಸ್ಟೇಷನ್ ಶೌಚಾಲಯಗಳು, ಎಲ್ಲವೂ ಅದರಲ್ಲೇ ಬಂತು. ಶೌಚಾಲಯವನ್ನು ಹಗುರವಾಗಿ ಕಾಣಬೇಡಿ. ಎಂಟು ಜನ ದಿನಕ್ಕೆ ಮೂರು ಸಲ ಚಿಲ್ಲರೆ ಹುಡುಕುತ್ತ ನಿಂತರೆ ಒಂದು ರೈಲು ತಪ್ಪುವುದು ಖಂಡಿತ.

ಈಗ ಲೆಕ್ಕ. 2024ರಲ್ಲಿ ಬಂದ ದರಪಟ್ಟಿಯಲ್ಲಿ ದಿನಗಳನ್ನು ಜನಸಂದಣಿ ನೋಡಿ ಮೂರು ದರ್ಜೆ ಮಾಡಿದ್ದರು. ವಯಸ್ಕರ ಒಂದು ದಿನದ ಕಾರ್ಡ್ ಕಡಿಮೆ ದರದ ದಿನ 19.50 ಯೂರೊ, ನಡುವಿನ ದಿನ 27, ಗರಿಷ್ಠ ದಿನ 32.50. ಇದಕ್ಕೆ ಎದುರಾಗಿ, ಊರಿಂದೂರಿಗೆ ಒಂದು ಸಲದ ರೈಲು ಟಿಕೆಟ್ಟು ಅದೇ ದಿನಗಳಲ್ಲಿ 5, 8, 10 ಯೂರೊ. ಎರಡು ನಿಮಿಷದ ಸುರಂಗದ ಪ್ರಯಾಣಕ್ಕೆ 10 ಯೂರೊ ಅಂದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಆಗಿನ ದರ ಅದೇ. ಗುಣಿಸಿ ನೋಡಿ: ಮೂರು ಸಲ ಹತ್ತಿದರೆ 15, 24, 30. ನಾಲ್ಕು ಸಲಕ್ಕೆ 20, 32, 40. ಮೂರೂ ದರ್ಜೆಯಲ್ಲಿ ಉತ್ತರ ಒಂದೇ. ರೈಲು ನಾಲ್ಕನೇ ಸಲ ಹತ್ತುವಾಗ ಕಾರ್ಡ್ ಗೆಲ್ಲುತ್ತದೆ, ಮೂರಕ್ಕೇ ನಿಂತರೆ ಬಿಡಿ ಟಿಕೆಟ್ಟು ಗೆಲ್ಲುತ್ತದೆ. ನಡುವೆ ಶುಲ್ಕದ ಕಾಲುದಾರಿ ಒಂದನ್ನು ನಡೆಯುವುದಾದರೆ ಮೂರಕ್ಕೇ ಕಾರ್ಡ್ ಲಾಭ. ದರಪಟ್ಟಿ ವಯಸ್ಸಿನ ಮೇಲೆ ನಿಂತಿದೆ: ಮಕ್ಕಳು, ವಯಸ್ಕರು, ಹಿರಿಯರು. ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿ ಚೌಕಾಸಿ ಮಾಡುತ್ತ ಕೌಂಟರಿನ ಸಾಲು ತಡೆಯಬೇಡಿ. ಹೋಗುವ ತಾರೀಕು ಯಾವ ದರ್ಜೆಗೆ ಬರುತ್ತದೆ ಎಂದು ಆ ವರ್ಷದ ಕ್ಯಾಲೆಂಡರಿನಲ್ಲಿ ನೋಡಿಯೇ ತಾರೀಕು ಗೊತ್ತುಮಾಡಿ. ಇಟಲಿಯ ರಜೆಗಳಾದ ಈಸ್ಟರ್, ಏಪ್ರಿಲ್ 25, ಮೇ 1, ಜೂನ್ 2ರ ಆಸುಪಾಸು ದರವೂ ಏರಿರುತ್ತದೆ, ರೈಲೊಳಗೆ ಕಾಲಿಡಲೂ ಜಾಗವಿರುವುದಿಲ್ಲ.

ಕಾರ್ಡಿನಲ್ಲಿ ಜನ ಎಡವುವುದು ಹೆಚ್ಚಾಗಿ ಮೂರು ಕಡೆ. ಒಂದು, ಅದು 24 ಗಂಟೆಯ ಕಾರ್ಡ್ ಅಲ್ಲ. ಆ ತಾರೀಕಿನ ಮಧ್ಯರಾತ್ರಿಗೆ ಮುಗಿಯುತ್ತದೆ. ಶುಕ್ರವಾರ ಸಂಜೆ ಲಾ ಸ್ಪೆತ್ಸಿಯಾಕ್ಕೆ ಬಂದಿಳಿದು ‘ಈಗಲೇ ತಗೊಂಡರೆ ನಾಳೆ ಸಂಜೆವರೆಗೂ ಆಯ್ತು’ ಎಂದುಕೊಂಡರೆ ಇಡೀ ಕಾರ್ಡ್ ನೀರುಪಾಲು. ಎರಡು, ಕಾಗದದ ಕಾರ್ಡಿನ ಮೇಲೆ ಹೆಸರು, ಅಡ್ಡಹೆಸರು ಪೆನ್ನಿನಲ್ಲಿ ಬರೆದು, ಮೊದಲ ಸಲ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಕಾರ್ಡ್ ಒಬ್ಬರದ್ದು ಒಬ್ಬರಿಗೇ. ಎಂಟು ಕಾರ್ಡನ್ನೂ ಒಬ್ಬರೇ ಜೇಬಿನಲ್ಲಿಟ್ಟುಕೊಂಡು ಬೇರೆ ಬೋಗಿಯಲ್ಲಿ ಕೂತರೆ, ಈ ಬೋಗಿಯಲ್ಲಿರುವ ಏಳು ಜನಕ್ಕೆ ಟಿಕೆಟ್ಟಿಲ್ಲ ಅಂತಲೇ ಲೆಕ್ಕ. ಮೂರು, ಇಂಟರ್‌ಸಿಟಿ ರೈಲುಗಳೂ ಇದೇ ಹಳಿಯ ಮೇಲೆ ಓಡುತ್ತವೆ, ಕೆಲವು ಮೊಂತೆರೊಸ್ಸೊದಲ್ಲಿ ನಿಲ್ಲುವುದೂ ಉಂಟು. ಅವಕ್ಕೆ ಈ ಕಾರ್ಡ್ ನಡೆಯುವುದಿಲ್ಲ. ಹತ್ತುವ ಮುಂಚೆ ಬೋರ್ಡಿನಲ್ಲಿ ರೈಲಿನ ಬಗೆ ನೋಡಿಕೊಳ್ಳಿ.

ರೈಲಿನ ಬಗ್ಗೆ ಇನ್ನೊಂದು ಮಾತಿದೆ, ಇದು ಯಾವ ಟಿಕೆಟ್ಟಿನ ಮೇಲೂ ಬರೆದಿರುವುದಿಲ್ಲ. ರಿಯೊಮಜ್ಜೊರೆ, ವೆರ್ನಾತ್ಸಾ ಎರಡೂ ಸ್ಟೇಷನ್ನುಗಳು ಬೆಟ್ಟದ ಸಂದಿನಲ್ಲಿವೆ. ಪ್ಲಾಟ್‌ಫಾರ್ಮಿನ ಒಂದು ತುಂಡಷ್ಟೇ ಬೆಳಕಿಗೆ ತೆರೆದಿದೆ, ಉಳಿದದ್ದು ಸುರಂಗದೊಳಗೆ. ರೈಲು ನಿಂತಾಗ ಹಲವು ಬೋಗಿಗಳ ಕಿಟಕಿಯಾಚೆ ಕಾಣುವುದು ಕಪ್ಪು ಗೋಡೆ ಮಾತ್ರ. ಇನ್ನೂ ಸ್ಟೇಷನ್ ಬಂದಿಲ್ಲವೆಂದು ಕೂತೇ ಇದ್ದವರು ಮುಂದಿನ ಊರಿಗೆ ಹೋಗಿ ಇಳಿಯುತ್ತಾರೆ. ರೈಲು ನಿಂತಿತೇ? ಬಾಗಿಲ ಗುಂಡಿಯಲ್ಲಿ ದೀಪ ಹತ್ತಿತೇ? ಒತ್ತಿ, ಇಳಿಯಿರಿ, ಕತ್ತಲಿದ್ದರೂ ಸರಿ. ಗುಂಪು ಒಡೆಯುವುದು ಇಂಥ ಕಡೆ, ಆದ್ದರಿಂದ ಮುಂಚೆಯೇ ಒಂದು ನಿಯಮ ಹಾಕಿಕೊಳ್ಳಿ: ಯಾರಾದರೂ ತಪ್ಪಿಸಿಕೊಂಡರೆ ಇಳಿದವರು ಇದ್ದಲ್ಲೇ ಇರಬೇಕು, ಮುಂದೆ ಹೋದವರು ವಾಪಸ್ ಬರಬೇಕು. ಸುರಂಗದಲ್ಲಿ ಮೊಬೈಲ್ ಸಿಗ್ನಲ್ ನಂಬಿಕೊಂಡು ಕೂರುವ ಹಾಗಿಲ್ಲ. ಬೋರ್ಡಿನಲ್ಲಿ ರೈಲಿನ ಕೊನೆಯ ನಿಲ್ದಾಣ ಎದ್ದು ಕಾಣುತ್ತದೆಯೇ ಹೊರತು ನಡುವಿನ ಊರಿನ ಹೆಸರಲ್ಲ. ಲೆವಾಂತೊ, ಸೆಸ್ತ್ರಿ ಲೆವಾಂತೆ ಅಂತಿದ್ದರೆ ಉತ್ತರಕ್ಕೆ, ಲಾ ಸ್ಪೆತ್ಸಿಯಾ ಅಂತಿದ್ದರೆ ದಕ್ಷಿಣಕ್ಕೆ. ಇಷ್ಟು ಗೊತ್ತಿದ್ದರೆ ಸಾಕು.

ಉಳಿದುಕೊಳ್ಳಲು ಐದು ಊರಿನ ಒಳಗೆ ಮನೆ ಹುಡುಕುವುದು ಗುಂಪಿಗೆ ಹೇಳಿಸಿದ ಕೆಲಸವಲ್ಲ. ಎಂಟು ಜನ ಹಿಡಿಸುವ ಮನೆ ಅಪರೂಪ, ಸಿಕ್ಕರೂ ಬೆಲೆ ಜಾಸ್ತಿ. ಲಾ ಸ್ಪೆತ್ಸಿಯಾದಲ್ಲಿ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಹಿಡಿಯಿರಿ. ರಿಯೊಮಜ್ಜೊರೆಗೆ ಅಲ್ಲಿಂದ ರೈಲಿನಲ್ಲಿ ಹತ್ತು ನಿಮಿಷವೂ ಇಲ್ಲ. ಇಟಲಿಯಲ್ಲಿ ಮನೆ ಕೊಡುವವರು ಪ್ರತಿಯೊಬ್ಬ ಅತಿಥಿಯ ವಿವರವನ್ನೂ ಪೊಲೀಸರಿಗೆ ಕಳಿಸಬೇಕು, ಅದು ಕಾನೂನು. ಹಾಗಾಗಿ ಬುಕ್ ಮಾಡಿದವರದ್ದು ಮಾತ್ರವಲ್ಲ, ಎಲ್ಲರ ಪಾಸ್‌ಪೋರ್ಟೂ ಬೇಕು. ‘ಪೆರ್ಮೆಸ್ಸೊ’, ಅಂದರೆ ಇಟಲಿಯಲ್ಲಿ ಉಳಿಯುವ ಪರವಾನಗಿ, ಬಂದಿದ್ದರೆ ಅದೂ ಜೊತೆಗಿರಲಿ, ಇನ್ನೂ ಬಂದಿಲ್ಲದಿದ್ದರೆ ಅದರ ಅರ್ಜಿಗೆ ಅಂಚೆ ಕಚೇರಿ ಕೊಟ್ಟ ರಸೀದಿ. ತಲೆಗಿಷ್ಟು ಎಂದು ಊರಿನ ತೆರಿಗೆ ಕೇಳಿದರೆ ಗಾಬರಿಯಾಗಬೇಡಿ. ಅದು ಬಾಡಿಗೆಯಲ್ಲಿ ಸೇರಿರುವುದಿಲ್ಲ, ಹೆಚ್ಚಾಗಿ ನಗದಾಗಿಯೇ ಕೇಳುತ್ತಾರೆ.

ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾದಿಂದ ಲಾ ಸ್ಪೆತ್ಸಿಯಾಕ್ಕೆ ಪ್ರಾದೇಶಿಕ ರೈಲಿನಲ್ಲಿ ಎರಡೂವರೆ ಗಂಟೆ ಹತ್ತಿರ, ಹೆಚ್ಚಿನವಕ್ಕೆ ಪೀಸಾ ಚೆಂತ್ರಾಲೆಯಲ್ಲಿ ಬದಲಾವಣೆ. ಪ್ರಾದೇಶಿಕ ರೈಲಿನ ದರ ಸ್ಥಿರ, ಕೊನೇ ಗಳಿಗೆಯಲ್ಲಿ ಕೊಂಡರೂ ಏರುವುದಿಲ್ಲ. ಸೀಟಿನ ನಂಬರೂ ಇಲ್ಲ. ಆದ್ದರಿಂದ ‘ಬೇಗ ಬುಕ್ ಮಾಡಿ’ ಎಂದು ಯಾರನ್ನೂ ಪೀಡಿಸುವ ಅಗತ್ಯವಿಲ್ಲ. ಪೀಡಿಸಬೇಕಾದ್ದು ಬೇರೆ ವಿಷಯಕ್ಕೆ: ಕಾಗದದ ಟಿಕೆಟ್ಟಾದರೆ ಯಂತ್ರದಲ್ಲಿ ಮುದ್ರೆ, ಮೊಬೈಲ್ ಟಿಕೆಟ್ಟಾದರೆ ಹತ್ತುವ ಮುನ್ನ ಚೆಕ್-ಇನ್. ಇದನ್ನು ಮರೆತವರಿಗೆ ದುಡ್ಡು ಕೊಟ್ಟೂ ದಂಡ. ಹೊರಡುವ ವಾರ ‘ಶೋಪೆರೊ’ ಎಂಬ ಪದ ಸುದ್ದಿಯಲ್ಲಿ ಇದೆಯಾ ನೋಡಿ. ಅದು ಮುಷ್ಕರ, ಶುಕ್ರವಾರಕ್ಕೆ ಬೀಳುವುದು ಸಾಮಾನ್ಯ. ಮುಷ್ಕರದ ದಿನವೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಅಗತ್ಯದ ಪ್ರಾದೇಶಿಕ ರೈಲುಗಳು ಓಡಲೇಬೇಕು. ಭಾನುವಾರಕ್ಕೆ ಆ ಭರವಸೆ ಇಲ್ಲ.

ಶನಿವಾರದ ಕ್ರಮ ಹೀಗಿದ್ದರೆ ಕಾರ್ಡಿನ ದುಡ್ಡು ಪೂರ್ತಿ ವಸೂಲಿ. ಬೆಳಿಗ್ಗೆ 7ರ ಆಸುಪಾಸಿಗೆ ಲಾ ಸ್ಪೆತ್ಸಿಯಾದಲ್ಲಿ ಹತ್ತಿ, ನಡುವೆ ಎಲ್ಲೂ ಇಳಿಯದೆ ನೇರ ಮೊಂತೆರೊಸ್ಸೊಕ್ಕೆ. ಬಹಳ ಜನ ಮೊದಲ ಊರಾದ ರಿಯೊಮಜ್ಜೊರೆಯಲ್ಲೇ ಇಳಿದು ಬಿಸಿಲೇರುವವರೆಗೂ ಫೋಟೊ ತೆಗೆಯುತ್ತಾರೆ, ಆಮೇಲೆ ನಡುಮಧ್ಯಾಹ್ನ ಬೆಟ್ಟ ಹತ್ತಿ ಸೋಲುತ್ತಾರೆ. ಮೊಂತೆರೊಸ್ಸೊದಿಂದ ವೆರ್ನಾತ್ಸಾಕ್ಕೆ ಸುಮಾರು ಮೂರೂವರೆ ಕಿಲೋಮೀಟರ್, ಎರಡು ಗಂಟೆ. ದೂರ ಕೇಳಿದರೆ ನಗು ಬರುತ್ತದೆ, ಆದರೆ ಶುರುವಿನಲ್ಲೇ ನೂರಾರು ಕಲ್ಲಿನ ಮೆಟ್ಟಿಲು. ಒಂದೊಂದು ಒಂದೊಂದು ಎತ್ತರ, ಮೊಣಕಾಲಿಗೆ ಲಯವೇ ಸಿಗುವುದಿಲ್ಲ. ಮೇಲೆ ದಾರಿ ಕೆಲವು ಕಡೆ ಒಬ್ಬರಿಗಷ್ಟೇ ಅಗಲ, ಒಂದು ಪಕ್ಕ ಕಲ್ಲಿನ ಗೋಡೆ, ಇನ್ನೊಂದು ಪಕ್ಕ ಇಳಿಜಾರು. ಎದುರಿಂದ ಬಂದವರಿಗೆ ಗೋಡೆಗೆ ಒರಗಿ ದಾರಿ ಬಿಡಬೇಕು. ತೀರಾ ಜನ ಸೇರುವ ದಿನಗಳಲ್ಲಿ ಬೆಳಗಿನ ಹೊತ್ತು ಈ ದಾರಿಯನ್ನು ಮೊಂತೆರೊಸ್ಸೊ ಕಡೆಯಿಂದ ಮಾತ್ರ ಬಿಡುವ ಪದ್ಧತಿ ಬಂದಿದೆ, ಈ ದಿಕ್ಕು ಹಿಡಿಯಲು ಅದೂ ಒಂದು ಕಾರಣ. ಇನ್ನೊಂದು ಕಾರಣ ಕೊನೆಯ ತಿರುವು. ವೆರ್ನಾತ್ಸಾದ ಗೋಪುರ, ಪುಟ್ಟ ಬಂದರು, ಅದಕ್ಕೆ ಆತುಕೊಂಡ ಚರ್ಚು ಒಟ್ಟಿಗೇ ಕಾಲಕೆಳಗೆ ತೆರೆದುಕೊಳ್ಳುತ್ತವೆ. ಉಲ್ಟಾ ದಿಕ್ಕಿನಲ್ಲಿ ಹೋದರೆ ಅದು ಬೆನ್ನ ಹಿಂದೆ ಉಳಿಯುತ್ತದೆ.

ಚಪ್ಪಲಿ ಬೇಡ. ಇದು ಹಿತವಚನವಲ್ಲ, ನಿಯಮ. ಹವಾಯಿ ಚಪ್ಪಲಿ, ನುಣುಪು ಅಡಿಯ ಬೂಟು ಹಾಕಿಕೊಂಡು ಈ ದಾರಿಗೆ ಬಂದವರಿಗೆ 50ರಿಂದ 2,500 ಯೂರೊವರೆಗೆ ದಂಡ ಹಾಕುವ ಅಧಿಕಾರವನ್ನು ಉದ್ಯಾನದವರು 2019ರಿಂದ ಇಟ್ಟುಕೊಂಡಿದ್ದಾರೆ. ಸಮುದ್ರಕ್ಕೆ ಹೋಗುತ್ತಿದ್ದೇವೆ ಎಂದು ಗುಂಪಿನಲ್ಲಿ ಒಬ್ಬರಾದರೂ ಚಪ್ಪಲಿಯಲ್ಲೇ ಬಂದಿರುತ್ತಾರೆ, ಆಮೇಲೆ ಆ ಒಬ್ಬರಿಗಾಗಿ ಎಂಟೂ ಜನ ರೈಲು ಹತ್ತಬೇಕಾಗುತ್ತದೆ. ತಲೆಗೆ ಒಂದೂವರೆ ಲೀಟರ್ ನೀರು ಇರಲಿ. ಊರುಗಳಲ್ಲಿ ಕುಡಿಯುವ ನೀರಿನ ನಲ್ಲಿ ಸಿಗುತ್ತದೆ, ‘ನೊನ್ ಪೊತಾಬಿಲೆ’ ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ.

ವೆರ್ನಾತ್ಸಾದಿಂದ ಕೊರ್ನಿಲ್ಯಾಕ್ಕೆ ಇನ್ನೊಂದು ಶುಲ್ಕದ ದಾರಿಯಿದೆ, ಹೆಚ್ಚು ಕಡಿಮೆ ಅಷ್ಟೇ ಉದ್ದ, ಒಂದೂವರೆ ಗಂಟೆ. ಗುಂಪಿನಲ್ಲಿ ಅರ್ಧ ಜನಕ್ಕೆ ಸುಸ್ತಾಗಿದ್ದರೆ ಇಲ್ಲೇ ಬೇರೆಯಾಗಿ, ಅರ್ಧ ನಡಿಗೆ, ಅರ್ಧ ರೈಲು. ಕೊರ್ನಿಲ್ಯಾ ಮಾತ್ರ ಸಮುದ್ರದ ಮಟ್ಟದಲ್ಲಿಲ್ಲ, ಸುಮಾರು 100 ಮೀಟರ್ ಎತ್ತರದ ಗುಡ್ಡದ ನೆತ್ತಿಯ ಮೇಲಿದೆ. ಸ್ಟೇಷನ್ನಿನಿಂದ ಊರಿಗೆ ‘ಲಾರ್ದರೀನಾ’ ಎಂಬ ಇಟ್ಟಿಗೆಯ ಮೆಟ್ಟಿಲ ಸಾಲು, 380ರ ಆಸುಪಾಸು. ಕಾರ್ಡ್ ಇದ್ದವರಿಗೆ ಬಸ್ಸೂ ಇದೆ. ಹತ್ತುವಾಗ ಬಸ್ಸು, ಇಳಿಯುವಾಗ ಮೆಟ್ಟಿಲು, ಅದೇ ಬುದ್ಧಿವಂತಿಕೆ. ದೋಣಿ ಈ ಊರಿಗೆ ಬರುವುದಿಲ್ಲ, ಅದಕ್ಕೇ ಜನವೂ ಕಡಿಮೆ, ಕೂತು ಐಸ್‌ಕ್ರೀಮ್ ತಿನ್ನಲು ನೆರಳೂ ಸಿಗುತ್ತದೆ. ಕೊರ್ನಿಲ್ಯಾದಿಂದ ಮನರೊಲಾಕ್ಕೆ ಸಮುದ್ರದಂಚಿನ ಹಳೇ ದಾರಿ ಭೂಕುಸಿತದಿಂದ ವರ್ಷಗಳಿಂದಲೂ ಮುಚ್ಚಿದೆ. ಮೇಲಿನ ವೊಲಾಸ್ತ್ರಾ ಹಳ್ಳಿ ಸುತ್ತಿ ಹೋಗುವ ದಾರಿ ದ್ರಾಕ್ಷಿ ತೋಟಗಳ ನಡುವೆ ಚೆನ್ನಾಗಿದೆ, ಆದರೆ ಅದು ಬೇರೆಯೇ ಒಂದು ಅರ್ಧ ದಿನ.

‘ವಿಯಾ ದೆಲ್ಲಾಮೊರೆ’ಗೆ ಬರೋಣ. ರಿಯೊಮಜ್ಜೊರೆಯಿಂದ ಮನರೊಲಾಕ್ಕೆ ಬಂಡೆಯಲ್ಲಿ ಕೊರೆದ, ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಸಪಾಟು ದಾರಿ. 2012ರಲ್ಲಿ ಕಲ್ಲುಬಿದ್ದು ಪ್ರವಾಸಿಗರಿಗೆ ಗಾಯವಾಗಿ ಮುಚ್ಚಿತು, ಪೂರ್ತಿ ತೆರೆದದ್ದು 2024ರಲ್ಲಿ. ಕಾರ್ಡ್ ಇದ್ದರೂ ಇದಕ್ಕೆ ಪ್ರತ್ಯೇಕ 10 ಯೂರೊ, ಜೊತೆಗೆ ಸಮಯ ಕಾದಿರಿಸಬೇಕು, ಹೋಗುವುದೂ ರಿಯೊಮಜ್ಜೊರೆ ಕಡೆಯಿಂದ ಮಾತ್ರ. ಎಂಟು ಜನಕ್ಕೆ 80 ಯೂರೊ, ನಡಿಗೆ ಅರ್ಧ ಗಂಟೆ. ಬೆಳಿಗ್ಗೆ ಮೊಂತೆರೊಸ್ಸೊ ದಾರಿ ನಡೆದವರಿಗೆ ಇದು ಸಪ್ಪೆ. ಮೊಣಕಾಲು ನೋವಿದ್ದು ಮೆಟ್ಟಿಲು ಹತ್ತಲಾಗದವರಿಗೆ ಮಾತ್ರ ಈ ದುಡ್ಡು ಸಾರ್ಥಕ.

ಸಂಜೆಗೆ ಮನರೊಲಾ. ಸ್ಟೇಷನ್ನಿನಿಂದ ಸುರಂಗದ ಮೂಲಕ ಊರಿಗೆ ಬಂದು ಬಂದರಿನ ಬಲಕ್ಕೆ ‘ಪುಂತಾ ಬೊನ್‌ಫಿಲ್ಯೊ’ ಕಡೆ ಹತ್ತಿದರೆ ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ಆ ನೋಟ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 9ರ ಹೊತ್ತಿಗೆ, ಅಕ್ಟೋಬರ್ ನಡುವಿಗೆ 6.40ರ ಸುಮಾರಿಗೆ. ಇಲ್ಲಿ ಮರಳಿಲ್ಲ. ಬಂಡೆಯಿಂದ ನೇರ ಆಳದ ನೀರು. ಈಜು ಚೆನ್ನಾಗಿ ಬರುವವರಿಗೆ ಸ್ವರ್ಗ, ಬಾರದವರಿಗೆ ದಡವೇ ಲೇಸು. ಈಜು ಬಾರದವರು ಹೆಚ್ಚಿದ್ದರೆ ಬೆಳಿಗ್ಗೆಯೇ ಮೊಂತೆರೊಸ್ಸೊದ ಫೆಜಿನಾ ಬೀಚಿನಲ್ಲಿ ಒಂದು ಗಂಟೆ ಕಳೆಯಿರಿ, ಸ್ಟೇಷನ್ನಿನ ಮುಂದೆಯೇ ಇದೆ. ಬಣ್ಣದ ಕೊಡೆ, ಮಂಚ ಸಾಲಾಗಿದ್ದರೆ ದುಡ್ಡಿನ ಜಾಗ. ‘ಸ್ಪಿಯಾಜ್ಜಾ ಲೀಬೆರಾ’ ಅಂತಿದ್ದರೆ ಟವೆಲ್ ಹಾಸಿ ಬಿಟ್ಟಿ ಕೂರಬಹುದು. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯಬೇಡಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಈ ಕರಾವಳಿ ಅಂದುಕೊಂಡಷ್ಟು ಕಷ್ಟವಲ್ಲ. ಫರಿನಾತಾ ಕೇಳಿ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟನ್ನೇ ತೆಳ್ಳಗೆ ಕಲಸಿ ದೊಡ್ಡ ತಟ್ಟೆಯಲ್ಲಿ ಒಲೆಗೆ ಇಡುತ್ತಾರೆ. ಅಂಚು ಗರಿ, ನಡು ಮೆತ್ತಗೆ, ಮೇಲೆ ಕರಿಮೆಣಸಿನ ಪುಡಿ. ಬಿಸಿ ಬಿಸಿ ತಿನ್ನಬೇಕು, ಆರಿದರೆ ತೊಗಲು. ಲಾ ಸ್ಪೆತ್ಸಿಯಾದ ‘ಮೆಶ್ಯೂವಾ’ ಎಂಬ ಸಾರಿನಲ್ಲಿ ಕಡಲೆ, ಬಿಳಿ ಬೀನ್ಸ್, ಗೋಧಿ. ತ್ರೋಫಿಯೆ ಪಾಸ್ತಾ ಮೈದಾ, ನೀರಿನದ್ದು, ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ. ಅದಕ್ಕೆ ಪೆಸ್ತೊ (ಬೇಸಿಲ್ ಎಲೆಯ ಹಸಿರು ಚಟ್ನಿ) ಜೊತೆ ಆಲೂಗಡ್ಡೆ, ಹುರುಳಿಕಾಯಿ ಸೇರಿಸುವುದು ಇಲ್ಲಿನ ರೂಢಿ. ಒಂದೇ ತೊಡಕು: ಪೆಸ್ತೊಗೆ ಬೀಳುವ ಪಾರ್ಮಿಜಾನೊ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದಲೇ ಹೆಪ್ಪುಗಟ್ಟಿಸುತ್ತಾರೆ. ಅಷ್ಟು ಕಟ್ಟುನಿಟ್ಟಿನವರು ಫರಿನಾತಾಕ್ಕೇ ನಿಲ್ಲಿ. ಮೊಂತೆರೊಸ್ಸೊ ‘ಅಚ್ಚೂಗೆ’ ಎಂಬ ಸಣ್ಣ ಮೀನಿಗೆ ಹೆಸರುವಾಸಿ, ಪಿಜ್ಜಾ, ಸಾಸ್‌ಗಳಲ್ಲೂ ಅದು ಅಡಗಿರಬಹುದು. ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ’ ಎಂದು ಎರಡನ್ನೂ ಹೇಳಿ. ಬರೀ ‘ಮಾಂಸ ಬೇಡ’ ಅಂದರೆ ಮೀನು ತಟ್ಟೆಗೆ ಬಂದೀತು. ರಾತ್ರಿ ಎಂಟು ಜನಕ್ಕೆ ಒಂದೇ ಮೇಜು ಬೇಕಿದ್ದರೆ ಮುಂಚೆ ಹೇಳಿಡಿ, ಏಳೂವರೆಗೆ ಮುಂಚೆ ಅಡುಗೆಮನೆ ತೆರೆದಿರುವುದು ಅಪರೂಪ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಹಾಕಿದ್ದರೆ ಅದು ಮೋಸವಲ್ಲ, ಮೇಜಿನ ಶುಲ್ಕ. ಬಿಲ್ಲನ್ನು ಎಂಟು ಕಾರ್ಡಿಗೆ ಹಂಚಿ ಎಂದು ಕೇಳಬೇಡಿ. ಒಬ್ಬರು ಕೊಟ್ಟು ಆಮೇಲೆ ನಿಮ್ಮಲ್ಲೇ ಲೆಕ್ಕ ಹರಿಸಿಕೊಳ್ಳಿ.

ವಿದ್ಯಾರ್ಥಿಗಳಿಗೆಂದೇ ಬಸ್ಸು ಹೊರಡಿಸುವ ಪ್ರವಾಸ ಕಂಪನಿಗಳೂ ಫ್ಲಾರೆನ್ಸಿನಲ್ಲಿವೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. ಒಂದೇ ದಿನ ಇರುವವರಿಗೆ, ಯೋಚನೆ ಮಾಡಲು ಬೇಸರವಾದವರಿಗೆ ಪರವಾಗಿಲ್ಲ. ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಈ ಬೆಲೆಯಲ್ಲಿ ಟ್ರೇನ್ ಕಾರ್ಡ್ ಸೇರಿದೆಯೇ, ಎಷ್ಟು ಊರಿನಲ್ಲಿ ಎಷ್ಟು ಹೊತ್ತು, ಮಳೆ ಬಂದು ದಾರಿ ಮುಚ್ಚಿದರೆ ಏನು. ಕಾರ್ಡ್ ಸೇರಿಲ್ಲ ಅಂದರೆ ಆ ಅಗ್ಗ ಅಗ್ಗವಲ್ಲ.

ಮಳೆಯ ಮಾತನ್ನು ತಮಾಷೆ ಮಾಡುವ ಹಾಗಿಲ್ಲ. 2011ರ ಅಕ್ಟೋಬರ್ 25ರಂದು ಬಂದ ಪ್ರವಾಹ ವೆರ್ನಾತ್ಸಾ, ಮೊಂತೆರೊಸ್ಸೊ ಬೀದಿಗಳನ್ನು ಕೆಸರಿನಲ್ಲಿ ಹೂತುಹಾಕಿತ್ತು. ಬೆಟ್ಟದ ನೀರು ಇಳಿಯಲು ಇರುವುದು ಊರಿನ ನಡುಬೀದಿಯ ಕೆಳಗಿನ ತೊರೆಯೊಂದೇ. ಹವಾಮಾನ ಎಚ್ಚರಿಕೆ ಹೊರಟರೆ ಕಾಲುದಾರಿ ಮುಚ್ಚುತ್ತಾರೆ, ಅಲೆ ಎದ್ದರೆ ದೋಣಿ ನಿಲ್ಲುತ್ತದೆ. ಹಾಗಾಗಿ ಕಾರ್ಡನ್ನು ವಾರ ಮುಂಚೆ ಕೊಳ್ಳದೆ ಹಿಂದಿನ ಸಂಜೆ ಮುನ್ಸೂಚನೆ ನೋಡಿ ಕೊಳ್ಳಿ. ಶನಿವಾರ ಮಳೆ, ಭಾನುವಾರ ಬಿಸಿಲು ಅಂತಿದ್ದರೆ ಎರಡು ದಿನವನ್ನೂ ಅದಲು ಬದಲು ಮಾಡಿ.

ಭಾನುವಾರಕ್ಕೆ ಪೊರ್ತೊವೆನೆರೆ. ರೈಲಿಲ್ಲ, ಲಾ ಸ್ಪೆತ್ಸಿಯಾದಿಂದ ಊರ ಬಸ್ಸಿನಲ್ಲಿ ಅರ್ಧ ಗಂಟೆ ಚಿಲ್ಲರೆ, ಟಿಕೆಟ್ಟು ಕೆಲವೇ ಯೂರೊ. ಯುನೆಸ್ಕೊ ಪಟ್ಟಿಯಲ್ಲಿ ಇದೂ ಐದೂರಿನ ಜೊತೆಗೇ ಇದೆ, ಜನಸಂದಣಿ ಮಾತ್ರ ಕಡಿಮೆ. ಬಂಡೆಯ ತುದಿಗೆ ಕಪ್ಪು-ಬಿಳಿ ಪಟ್ಟಿಯ ಸಾನ್ ಪಿಯೆತ್ರೊ ಚರ್ಚು, ಅದರ ಕೆಳಗೆ ಕವಿ ಬೈರನ್ ಹೆಸರಿನ ಕೊಲ್ಲಿ. ದುಡ್ಡು ಉಳಿದಿದ್ದರೆ ಎದುರಿನ ಪಲ್ಮಾರಿಯಾ ದ್ವೀಪಕ್ಕೆ ದೋಣಿ, ಹತ್ತೇ ನಿಮಿಷದ ದಾರಿ. ಬ್ಯಾಗುಗಳನ್ನು ಹೊತ್ತು ತಿರುಗಬೇಡಿ, ಲಾ ಸ್ಪೆತ್ಸಿಯಾ ಸ್ಟೇಷನ್ನಿನಲ್ಲಿ ಹಣ ಕೊಟ್ಟು ಇಡಬಹುದು. ಆದರೆ ಕೊಠಡಿ ಎಷ್ಟು ಗಂಟೆಗೆ ಮುಚ್ಚುತ್ತದೆಂದು ಇಡುವಾಗಲೇ ಕೇಳಿಕೊಳ್ಳಿ. ವಾಪಸ್ ಬರುವಾಗ ರೈಲಿಗೆ ಸರಿಹೋಗುವ ಬಸ್ಸಿಗಿಂತ ಒಂದು ಬಸ್ಸು ಮುಂಚೆಯೇ ಹತ್ತಿ, ಬಿಸಿಲಿನ ಭಾನುವಾರ ಸಂಜೆ ಆ ಕಿರಿದಾದ ರಸ್ತೆಯಲ್ಲಿ ಕಾರುಗಳದ್ದೇ ಸಾಲು. ಪೀಸಾದಲ್ಲಿ ಬದಲಿಸುವಾಗ ಚೆಂತ್ರಾಲೆಯಲ್ಲೇ ಇಳಿಯಿರಿ. ಅದಕ್ಕೂ ಮೊದಲು ಬರುವ ಪೀಸಾ ಸಾನ್ ರೊಸ್ಸೊರೆ ವಾಲುಗೋಪುರಕ್ಕೆ ಹತ್ತಿರದ ಸ್ಟೇಷನ್, ಫ್ಲಾರೆನ್ಸಿನ ರೈಲಿಗಲ್ಲ.